ಮರವೇರುವವರ ಹಗ್ಗ

ಕುಂದಾಪುರದಿಂದ ಮೂಡಲಿಗೆ, ಘಟ್ಟದ ಬುಡದತ್ತ ಹೋದರೆ ಕೆರಾಡಿ ಸಿಗುತ್ತದೆ. ಮೂಡುಗಲ್ಲಿನ ಕೇಶವನಾಥನ ಗುಹೆಯನ್ನು ನೋಡಲು ಹೋದವರು ಈ ಊರಿನ ಹಾದಿಯನ್ನು ಬಲ್ಲರು. ಒಂದು ಕಡೆ ಕಾಡು, ಒಂದು ಕಡೆ ಗದ್ದೆ, ಮನೆಯ ಬದಿಗೆ ಅಡಿಕೆ ತೆಂಗುಗಳ ತೋಟ. ಮೇ ತಿಂಗಳ ಕೊನೆಯ ವಾರದಲ್ಲಿ ಇಂಥ ಊರುಗಳಲ್ಲಿ ಇಬ್ಬರು ತೋಟಗಾರರು ಎದುರಾದರೆ ಕ್ಷೇಮಸಮಾಚಾರದ ಬೆನ್ನಿಗೇ ಬರುವ ಪ್ರಶ್ನೆ ಒಂದೇ: "ಮದ್ದ್ ಹೊಡುಕೆ ಜನ ಸಿಕ್ರಾ?"

ಆ ಪ್ರಶ್ನೆಯಲ್ಲಿ ಬರುವ 'ಜನ' ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರ ಹತ್ತಬಲ್ಲ ಜನ. ಹಗ್ಗ ಹಿಡಿದು ಮೇಲೇರುವವರೆಂದರೆ ಹಿಮಾಲಯದ ಪರ್ವತಾರೋಹಿಗಳನ್ನೋ ರಾಮನಗರದ ಬಂಡೆಗಳನ್ನು ಹತ್ತುವ ತರುಣರನ್ನೋ ನಾವು ನೆನೆಯುತ್ತೇವೆ. ಆದರೆ ನಮ್ಮ ಕರಾವಳಿಯಲ್ಲಿ ದಿನ ಬೆಳಗಾದರೆ ಹಗ್ಗದ ತುಂಡೊಂದನ್ನು ಹೆಗಲಿಗೆ ಹಾಕಿಕೊಂಡು, ನಾಲ್ಕು ಅಂತಸ್ತಿನ ಕಟ್ಟಡದಷ್ಟು ಎತ್ತರಕ್ಕೆ ಏರುವ ಸಾಮಾನ್ಯರಿದ್ದಾರೆ. ಹಗ್ಗದ ವಿಷಯದಲ್ಲಿ ಅವರಿಗೆ ಅವರದೇ ಅಭಿಪ್ರಾಯಗಳಿವೆ. ಆರೋಗ್ಯದ ವಿಷಯದಲ್ಲಿ, ಸರ್ಕಾರದ ವಿಷಯದಲ್ಲಿಯೂ ಇವೆ. ಈ ಮೂರೂ ಬೇರೆ ಬೇರೆ ಅಭಿಪ್ರಾಯಗಳಂತೆ ಕಂಡರೂ ಒಂದೇ ಎಳೆಯಲ್ಲಿ ಹೆಣೆದುಕೊಂಡಿವೆ. ಅದು ಹೇಗೆಂಬುದನ್ನು ಇಲ್ಲಿ ನೋಡೋಣ.

ಮೊದಲು ಕೆಲಸದ ಪ್ರಮಾಣವನ್ನು ತಿಳಿಯಬೇಕು. ಒಂಬತ್ತು ಅಡಿಗೊಂದರಂತೆ ಸಸಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರಗಳಾಗುತ್ತವೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ, ಮಳೆ ಹಿಡಿದು ಕೂತರೆ ಮೂರನೆಯ ಬಾರಿಯೂ ಗೊನೆಗಳಿಗೆ ಮದ್ದು ಹೊಡೆಯಬೇಕು. ಕೊಯ್ಲಿನ ಕಾಲದಲ್ಲಿ ಗೊನೆ ಹಣ್ಣಾದಂತೆಲ್ಲ ಮೂರು ನಾಲ್ಕು ಸಲ ಕೊಯ್ಯಬೇಕು. ಹೀಗೆ ಪ್ರತಿ ಮರದ ತಲೆಯನ್ನೂ ವರ್ಷಕ್ಕೆ ಐದಾರು ಬಾರಿ ಯಾರಾದರೂ ಮುಟ್ಟಲೇಬೇಕು. ಎಂದರೆ ಒಂದೇ ಎಕರೆಯಲ್ಲಿ ವರ್ಷಕ್ಕೆ ಸುಮಾರು ಮೂರು ಸಾವಿರ ಸಲ ಮರದ ತುದಿಯ ಕೆಲಸ. ತೆಂಗಿನ ಕಾಯಿ ಕೊಯ್ಯುವುದು ಇದರ ಮೇಲೆ.

ಈ ಕೆಲಸಕ್ಕೆ ನಮ್ಮ ಹಿರಿಯರು ಕಂಡುಕೊಂಡ ಸಾಧನ ಅಂಗೈ ಅಗಲದ ಒಂದು ಹಗ್ಗದ ಬಳೆ. ಕೆಲವೆಡೆ ಅದನ್ನು ತಳೆ ಎನ್ನುತ್ತಾರೆ. ತೆಂಗಿನ ನಾರಿನದಾಗಲಿ, ಅಡಿಕೆಯ ಹಾಳೆಯನ್ನು ಹುರಿ ಮಾಡಿದ್ದಾಗಲಿ, ಈಚೆಗೆ ಗೋಣಿಚೀಲದ ಪಟ್ಟಿಯಾಗಲಿ, ಅದನ್ನು ಎರಡೂ ಪಾದಗಳಿಗೆ ತೊಡಿಸಿಕೊಂಡು ಮರವನ್ನು ಅಪ್ಪುತ್ತಾರೆ. ನೋಡುವವರಿಗೆ ಕಾಲು ಕಟ್ಟಿಕೊಂಡು ಹತ್ತುವ ಸಾಹಸದಂತೆ ಕಾಣುತ್ತದೆ. ಆದರೆ ಗುಟ್ಟು ಇರುವುದೇ ಆ ಕಟ್ಟಿನಲ್ಲಿ. ಮೈಭಾರ ಬಿದ್ದಾಗ ಪಾದಗಳೆರಡೂ ಮರದ ಎರಡು ಮಗ್ಗುಲಿಗೆ ಸರಿದುಹೋಗಲು ನೋಡುತ್ತವೆ. ಬಳೆ ಅವನ್ನು ಸರಿಯಗೊಡದು. ಹಾಗಾಗಿ ಭಾರ ಹಾಕಿದಷ್ಟೂ ಅಂಗಾಲುಗಳು ಇಕ್ಕಳದಂತೆ ಕಾಂಡವನ್ನು ಅದುಮುತ್ತವೆ. ಅದುಮಿದಷ್ಟೂ ಘರ್ಷಣೆ ಹೆಚ್ಚು, ಘರ್ಷಣೆ ಹೆಚ್ಚಿದಷ್ಟೂ ಹಿಡಿತ ಭದ್ರ. ಕಾಲನ್ನು ನೆಲೆಗೊಳಿಸಿ ಕೈಯನ್ನು ಮೇಲೆ ಸರಿಸುವುದು, ಕೈಯನ್ನು ನೆಲೆಗೊಳಿಸಿ ಕಾಲನ್ನು ಎಳೆದುಕೊಳ್ಳುವುದು: ಈ ಎರಡೇ ಹೆಜ್ಜೆಗಳಲ್ಲಿ ಮರದ ತುದಿ ಮುಟ್ಟುತ್ತಾರೆ.

ಘಟ್ಟದ ಮೇಲೆ, ಸಾಗರ ಸಿರಸಿಗಳ ಕಡೆ, ಈ ವಿದ್ಯೆಗೆ ಇನ್ನೆರಡು ಅಂಗಗಳಿವೆ. ಅಲ್ಲಿಯ ಕೊನೆಗಾರರು ಸಣ್ಣದೊಂದು ಮಣೆಯನ್ನು ಹಗ್ಗದಿಂದ ಮರಕ್ಕೆ ಬಿಗಿದು, ಅದರ ಮೇಲೆ ಕುಳಿತು ಕೆಲಸ ಮಾಡುವುದುಂಟು. ಬೇಯಿಸಲೆಂದು ಕೊಯ್ಯುವ ಎಳೆ ಗೊನೆ ನೆಲಕ್ಕೆ ಬಿದ್ದು ಒಡೆಯದಂತೆ, ಮೇಲಿನಿಂದ ಇಳಿಬಿಟ್ಟ ಹಗ್ಗದ ಮೇಲೆ ಅದನ್ನು ಜಾರಿಸುತ್ತಾರೆ. ಕೆಳಗೆ ನಿಂತವನು ಹಗ್ಗವನ್ನು ಓರೆಯಾಗಿ ಎಳೆದು ಹಿಡಿದು ಗೊನೆಯನ್ನು ಬರಮಾಡಿಕೊಳ್ಳುತ್ತಾನೆ. ಕರಾವಳಿಯಲ್ಲಿ ಹಣ್ಣಾದ ಅಡಿಕೆಯನ್ನು ಒಣಗಿಸಿ ಚಾಲಿ ಮಾಡುವುದರಿಂದ ಗೊನೆಯನ್ನು ನೆಲಕ್ಕೇ ಬೀಳಿಸಿದರೂ ನಡೆಯುತ್ತದೆ. ಎರಡೂ ಕಡೆಗೆ ಸಮಾನವಾದದ್ದು ಇನ್ನೊಂದು ಕೌಶಲ. ನುರಿತವನು ಒಂದು ಮರದ ಕೆಲಸ ಮುಗಿದೊಡನೆ ಕೆಳಗಿಳಿಯುವುದಿಲ್ಲ. ಕೈಚಾಚಿ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ. ಒಮ್ಮೆ ಹತ್ತಿದವನು ಹಲವು ಮರಗಳನ್ನು ಮುಗಿಸಿ ಇಳಿದನೆಂದರೆ ಅರ್ಧ ಶ್ರಮವೂ ಅರ್ಧ ಹೊತ್ತೂ ಉಳಿದಂತೆ. ಈ ದಾಟುವಿಕೆಯನ್ನು ಓದುಗರು ನೆನಪಿನಲ್ಲಿಡಬೇಕು. ಹಗ್ಗದ ವಿಚಾರದಲ್ಲಿ ಏಳುವ ಭಿನ್ನಾಭಿಪ್ರಾಯಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ತಳೆ ಹತ್ತಲು ನೆರವಾಗುತ್ತದೆ, ಸರಿ. ಬೀಳುವವನನ್ನು ಅದು ಹಿಡಿಯುವುದೇ? ಇಲ್ಲ. ಪಾದ ಜಾರಿತೆಂದರೆ ತಳೆ ಪಾದದೊಡನೆಯೇ ಜಾರುತ್ತದೆ. ಮಳೆಗಾಲದಲ್ಲಿ ಅಡಿಕೆ ಮರದ ಮೈಮೇಲೆ ಪಾಚಿ ಕಟ್ಟುತ್ತದೆ, ಘರ್ಷಣೆ ಕಡಿಮೆಯಾಗುತ್ತದೆ. ಹನ್ನೆರಡು ಮೀಟರ್, ಎಂದರೆ ನಲವತ್ತು ಅಡಿ ಎತ್ತರದಿಂದ ಕೈತಪ್ಪಿದವನು ನೆಲ ಮುಟ್ಟಲು ಹಿಡಿಯುವ ಕಾಲ ಒಂದೂವರೆ ಸೆಕೆಂಡಿನಷ್ಟು. ನೆಲ ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 55 ಕಿಲೋಮೀಟರ್. ಹೆದ್ದಾರಿಯಲ್ಲಿ ಓಡುವ ಬಸ್ಸಿನಿಂದ ಹೊರಬಿದ್ದಂತೆ. ಇಂಥ ಬೀಳುವಿಕೆಯಲ್ಲಿ ಬದುಕಿ ಉಳಿದವರಿಗೂ ಬೆನ್ನುಮೂಳೆಯ ಪೆಟ್ಟು ತಪ್ಪುವುದು ಕಷ್ಟ. ಬೆನ್ನುಹುರಿಗೆ ಗಾಯವಾದರೆ ಸೊಂಟದ ಕೆಳಗೆ ಸ್ಪರ್ಶವೂ ಇಲ್ಲ, ಚಲನೆಯೂ ಇಲ್ಲ. ಮೂವತ್ತರ ಗಟ್ಟಿಮುಟ್ಟು ಯುವಕ ಆ ದಿನದಿಂದ ಮಂಚ ಹಿಡಿಯುತ್ತಾನೆ. ಮನೆಯವರಲ್ಲಿ ಇನ್ನೊಬ್ಬರು ದುಡಿಮೆ ಬಿಟ್ಟು ಅವನ ಆರೈಕೆಗೆ ನಿಲ್ಲುತ್ತಾರೆ.

ಬಂಡೆ ಹತ್ತುವವರು ಈ ಸಮಸ್ಯೆಯನ್ನು ಹೇಗೆ ಬಿಡಿಸಿಕೊಂಡರು? ಹಿಂದೆ ಅವರ ಹಗ್ಗಗಳೂ ನಾರಿನವೇ ಆಗಿದ್ದವು. ಜೋರಾಗಿ ಬಿದ್ದರೆ ಹರಿಯುತ್ತಿದ್ದವು. ಮುಂದೆ ಹೋಗುವವನು ಬೀಳಲೇಕೂಡದೆಂಬುದು ಅಂದಿನ ನಿಯಮ. ನೈಲಾನ್ ಬಂದ ಮೇಲೆ, ವಿಶೇಷವಾಗಿ 1953ರಲ್ಲಿ ಜರ್ಮನಿಯಲ್ಲಿ ಒಳತಿರುಳು ಹೊರಕವಚಗಳ ಹಗ್ಗ ತಯಾರಾದ ಮೇಲೆ, ಈ ನಿಯಮ ಸಡಿಲಾಯಿತು. ಆ ಹಗ್ಗದ ಮುಖ್ಯ ಗುಣ ಅದರ ಬಲವಷ್ಟೇ ಅಲ್ಲ, ಅದರ ಹಿಗ್ಗು. ಬೀಳುವವನನ್ನು ಅದು ಥಟ್ಟನೆ ನಿಲ್ಲಿಸದೆ ಹಿಗ್ಗಿ, ಏಟನ್ನು ತಾನು ನುಂಗಿ ನಿಲ್ಲಿಸುತ್ತದೆ. ಇದಕ್ಕಿಂತಲೂ ಮುಖ್ಯವಾದ ಸಂಗತಿ ಮತ್ತೊಂದು. ಬಂಡೆ ಹತ್ತುವವನ ಹಗ್ಗದ ಇನ್ನೊಂದು ತುದಿ ಯಾವಾಗಲೂ ಒಬ್ಬ ಜೊತೆಗಾರನ ಕೈಯಲ್ಲಿರುತ್ತದೆ. ಹತ್ತುವವನ ಮೇಲೆ ಕಣ್ಣಿಟ್ಟು ಹಗ್ಗವನ್ನು ಬಿಡುತ್ತ ಹಿಡಿಯುತ್ತ ನಿಲ್ಲುವುದೇ ಅವನ ಕೆಲಸ. ನಮ್ಮ ತೋಟದಲ್ಲಿ ಮರ ಹತ್ತಿದವನಿಗೆ ಅಂಥ ಜೊತೆಗಾರನಿಲ್ಲ. ಕೆಳಗೆ ನಿಂತವರು ಇದ್ದರೂ ಅವರ ಕಣ್ಣು ಬೀಳುವ ಗೊನೆಯ ಮೇಲೆ.

ಹಾಗಾದರೆ ನಮ್ಮವರೂ ಬೆಲ್ಟು ಹಗ್ಗ ಕಟ್ಟಿಕೊಂಡೇ ಹತ್ತಲಿ ಎಂದು ನೀವು ಹೇಳಬಹುದು. ಇಲ್ಲಿ ಹತ್ತುವವರ ಅಭಿಪ್ರಾಯಗಳನ್ನು ಕೇಳಬೇಕು. ಸ್ಥೂಲವಾಗಿ ಅವು ಮೂರು ಬಗೆ.

ಮೊದಲನೆಯದು ಹಳಬರ ಪಕ್ಷ. "ಬೆಲ್ಟ್ ಕಟ್ಕಂಡ್ ಹತ್ರೆ ದಿನಕ್ಕೆ ಎಷ್ಟ್ ಮರ ಆತ್ತ್?" ಎಂಬುದು ಇವರ ಪ್ರಶ್ನೆ. ಪ್ರತಿ ಮರದಲ್ಲಿಯೂ ಹಗ್ಗವನ್ನು ಸುತ್ತಬೇಕು, ಬಿಚ್ಚಬೇಕು. ಮರದಿಂದ ಮರಕ್ಕೆ ದಾಟುವಾಗ ಹಳೆಯ ಮರಕ್ಕೆ ಕಟ್ಟಿಕೊಂಡಿದ್ದರೆ ಅದೇ ಅಪಾಯ. ಬಿಚ್ಚಿಕೊಂಡರೆ ಅತ್ಯಂತ ಅಪಾಯದ ಕ್ಷಣದಲ್ಲಿಯೇ ಹಗ್ಗ ಇಲ್ಲದಂತಾಯಿತು. ಹಗ್ಗವನ್ನು ನಂಬಿದವನ ಕೈಕಾಲಿನ ಎಚ್ಚರ ತಪ್ಪುತ್ತದೆ ಎಂಬ ಮಾತೂ ಇವರಲ್ಲಿದೆ. ಇದನ್ನು ಮೊಂಡುತನವೆಂದು ತಳ್ಳಿಹಾಕುವಂತಿಲ್ಲ. ಇದು ಕೆಲಸದ ಒಳಗಿನಿಂದ ಬಂದ ಆಕ್ಷೇಪಣೆ.

ಎರಡನೆಯದು ಯಂತ್ರದ ಪಕ್ಷ. ಕೇರಳದ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ. ಜೆ. ಜೋಸೆಫ್ ಎಂಬ ಕೃಷಿಕರು ಮಾಡಿದ ತೆಂಗಿನ ಮರ ಹತ್ತುವ ಸಾಧನ ಇಂದು ನಮ್ಮ ಜಿಲ್ಲೆಯಲ್ಲಿಯೂ ಪರಿಚಿತ. ಮರವನ್ನು ಬಳಸಿದ ಉಕ್ಕಿನ ಹಗ್ಗದ ಎರಡು ಕುಣಿಕೆಗಳು, ಪಾದವೂರಲು ಎರಡು ಚೌಕಟ್ಟುಗಳು. ಭಾರ ಬಿದ್ದ ಕುಣಿಕೆ ಬಿಗಿಯುತ್ತದೆ, ಭಾರ ತೆಗೆದದ್ದು ಸಡಿಲಾಗಿ ಮೇಲೆ ಸರಿಯುತ್ತದೆ. ತಳೆಯ ತತ್ತ್ವವೇ ಇಲ್ಲಿ ಉಕ್ಕಿನ ರೂಪ ತಾಳಿದೆ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ 'ತೆಂಗಿನ ಮರದ ಗೆಳೆಯರು' ಎಂಬ ತರಬೇತಿಯನ್ನು ನಡೆಸಿ, ಹೆಂಗಸರೂ ಸೇರಿದಂತೆ ಸಾವಿರಾರು ಮಂದಿಗೆ ಇಂಥ ಸಾಧನವನ್ನು ಕಲಿಸಿತು. ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಪೆಟ್ರೋಲ್ ಎಂಜಿನಿನಿಂದ ಅಡಿಕೆ ಮರವೇರುವ 'ಬೈಕು' 2019ರಲ್ಲಿ ದೇಶದ ಗಮನ ಸೆಳೆಯಿತು. ಇವುಗಳಿಂದ ಹೊಸಬರಿಗೂ ಮರ ಹತ್ತುವ ಧೈರ್ಯ ಬಂದಿದೆ. ಆದರೆ ಮರದಿಂದ ಮರಕ್ಕೆ ಸಾಧನವನ್ನು ಹೊತ್ತೊಯ್ದು ಕಟ್ಟಿ ಬಿಚ್ಚಬೇಕು. ತುದಿಯಲ್ಲಿ ದಾಟುವ ಮಾತಿಲ್ಲ. ಹತ್ತಾರು ತೆಂಗಿನ ಮರಗಳ ಹಿತ್ತಿಲಿಗೆ ಇವು ಒಪ್ಪುವಷ್ಟು ಸಾವಿರ ಮರಗಳ ಅಡಿಕೆ ತೋಟಕ್ಕೆ ಒಪ್ಪುವುದಿಲ್ಲವೆಂಬುದು ಬಳಸಿದವರ ಅನುಭವ.

ಮೂರನೆಯ ಪಕ್ಷದವರು ಹತ್ತುವುದೇ ಬೇಡ ಎನ್ನುತ್ತಾರೆ. ಹಗುರವಾದ ಕಾರ್ಬನ್ ಫೈಬರಿನ ಉದ್ದನೆಯ ದೋಟಿಯನ್ನು ನೆಲದಿಂದಲೇ ಎತ್ತಿ ಗೊನೆ ಕೊಯ್ಯುವ, ಮದ್ದು ಹೊಡೆಯುವ ಕ್ರಮ ಈಚಿನ ವರ್ಷಗಳಲ್ಲಿ ವೇಗವಾಗಿ ಹಬ್ಬಿದೆ. ಬೀಳುವ ಭಯವನ್ನು ಬೇರುಸಹಿತ ಕಿತ್ತ ಉಪಾಯ ಇದು. ಆದರೂ ಇದರಲ್ಲಿ ಬೇರೆ ಎಚ್ಚರ ಬೇಕು. ದಿನವಿಡೀ ತಲೆಯೆತ್ತಿ ನೋಡುವುದರಿಂದ ಕುತ್ತಿಗೆ ಹೆಗಲುಗಳು ಹಿಡಿಯುತ್ತವೆ. ಮದ್ದು ಮುಖದ ಮೇಲೆಯೇ ಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಕಾರ್ಬನ್ ಫೈಬರು ಅಲ್ಯೂಮಿನಿಯಮ್ಮಿನಂತೆಯೇ ವಿದ್ಯುತ್ತನ್ನು ಹರಿಯಗೊಡುತ್ತದೆ. ಬಿದಿರಿನ ದೋಟಿಯ ಅಭ್ಯಾಸದಲ್ಲಿ ವಿದ್ಯುತ್ ತಂತಿಯ ಬಳಿ ಅದನ್ನೆತ್ತಿದರೆ ಪ್ರಾಣಕ್ಕೆ ಸಂಚಕಾರ. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ದೋಟಿಯ ಪೂರ್ತಿ ಉದ್ದಕ್ಕಿಂತ ಹೆಚ್ಚು ದೂರದಲ್ಲಿ ನಿಲ್ಲಬೇಕು.

ಈ ಮೂರು ಪಕ್ಷಗಳಲ್ಲಿ ಯಾವುದು ಸರಿ? ಒಂದೊಂದರಲ್ಲಿಯೂ ಸತ್ಯದ ಪಾಲಿದೆ. ದೋಟಿ ಮುಟ್ಟುವ ಮರವನ್ನು ಹತ್ತಬಾರದು. ದೋಟಿ ಮುಟ್ಟದ, ಇಳಿಜಾರಿನ, ಒತ್ತಾಗಿ ಬೆಳೆದ ಹಳೆಯ ತೋಟಗಳಲ್ಲಿ ಹತ್ತಲೇಬೇಕಾದಾಗ ಹಗ್ಗವನ್ನು ಹೇಗೆ ಬಳಸಬೇಕೆಂಬುದಕ್ಕೆ ಕೆಲವು ತತ್ತ್ವಗಳನ್ನು ಹೇಳಬಹುದು.

ಮರಕ್ಕೆ ಸಡಿಲವಾಗಿ ಸುತ್ತಿದ ಹಗ್ಗ ಬೀಳುವಾಗ ನಿಲ್ಲದು. ಅಡಿಕೆ ಮರಕ್ಕೆ ಕೊಂಬೆಯಿಲ್ಲ, ಗಂಟಿಲ್ಲ. ಹಗ್ಗವೂ ಮನುಷ್ಯನೊಡನೆ ನೆಲದವರೆಗೆ ಜಾರುತ್ತದೆ. ಆದುದರಿಂದ ಭಾರ ಬಿದ್ದೊಡನೆ ಕಾಂಡವನ್ನು ತಾನಾಗಿಯೇ ಬಿಗಿಯುವ ಜೀರುಕುಣಿಕೆ ಬೇಕು. ಕುಣಿಕೆ ಸೊಂಟಕ್ಕಿಂತ ಮೇಲೆಯೇ ಇದ್ದರೆ ಬೀಳುವ ದೂರ ಒಂದೆರಡು ಅಡಿಗೆ ಮುಗಿಯುತ್ತದೆ. ಸೊಂಟಕ್ಕೆ ಮಾತ್ರ ಕಟ್ಟಿದ ಪಟ್ಟಿಗಿಂತ ತೊಡೆ, ಎದೆ, ಹೆಗಲುಗಳನ್ನು ಬಳಸಿದ ಮೈಪಟ್ಟಿ ಮೇಲು. ಸೊಂಟಪಟ್ಟಿಯಲ್ಲಿ ಜೋಲಿಬಿದ್ದವನ ಹೊಟ್ಟೆಗೂ ಬೆನ್ನಿಗೂ ಅದರ ಜಗ್ಗಿನಿಂದಲೇ ಗಾಯವಾಗಬಹುದು. ಮರ ದಾಟುವವರಿಗೆ ಎರಡು ಕುಣಿಕೆಗಳಿರಬೇಕು. ಹೊಸ ಮರಕ್ಕೆ ಒಂದು ಬಿದ್ದ ಮೇಲೆಯೇ ಹಳೆಯ ಮರದ್ದನ್ನು ಬಿಚ್ಚುವುದು. ಇದರಿಂದ ಹೊತ್ತು ಹೋಗುತ್ತದೆ, ನಿಜ. ಆ ಮಾತಿಗೆ ಮತ್ತೆ ಬರೋಣ.

ಹಗ್ಗವನ್ನು ಬೆಳಿಗ್ಗೆ ಬೆಳಿಗ್ಗೆ ಕೈಯಲ್ಲಿ ಸವರಿ ನೋಡಬೇಕು. ನಾರಿನ ಹಗ್ಗ ನೆನೆದು ನೆನೆದು ಒಳಗಿನಿಂದ ಕುಂಬಾಗುತ್ತದೆ. ನೈಲಾನ್ ಬಿಸಿಲಿನಿಂದಲೂ ಹುಳಿಯಾದ ದ್ರಾವಣದಿಂದಲೂ ಕೆಡುತ್ತದೆ. ಇಷ್ಟೇ ಮುಖ್ಯವಾದದ್ದು ಮರದ ಪರೀಕ್ಷೆ. ಮರವೇ ಮುರಿದರೆ ಯಾವ ಹಗ್ಗವೂ ಕಾಯದು. ನೈಋತ್ಯದ ಬಿಸಿಲು ನೇರವಾಗಿ ಬೀಳುವ ಅಂಚಿನ ಅಡಿಕೆ ಮರಗಳ ಕಾಂಡ ಆ ಮಗ್ಗುಲಲ್ಲಿ ಸುಟ್ಟು, ಸೀಳಿ, ಒಳಗೆ ಟೊಳ್ಳಾಗುತ್ತದೆ. ಸಿಡಿಲು ಬಡಿದ ತೆಂಗು, ಹುಳ ಕೊರೆದ ತೆಂಗು, ಬುಡದಲ್ಲಿ ಅಣಬೆಯೆದ್ದ ಮರ, ಇವನ್ನೆಲ್ಲ ಹತ್ತಬಾರದು. ಇಂಥ ಮರ ಯಾವುದೆಂಬುದು ತೋಟದ ಒಡೆಯನಿಗೆ ತಿಳಿದಿರುತ್ತದೆ, ಅಂದು ಕೆಲಸಕ್ಕೆ ಬಂದವನಿಗೆ ತಿಳಿದಿರುವುದಿಲ್ಲ. ಸುಣ್ಣದಲ್ಲಿ ಒಂದು ಗೆರೆ ಎಳೆದು ಗುರುತು ಮಾಡಿಟ್ಟರೆ ಖರ್ಚೇನೂ ಇಲ್ಲ.

ಈಗ ಆರೋಗ್ಯದ ವಿಷಯ. ಮರ ಹತ್ತುವವನ ಆರೋಗ್ಯವೆಂದರೆ ಬೀಳುವುದು ಬೀಳದಿರುವುದು ಮಾತ್ರವಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗವನ್ನು ಮೈಸೂರು ಸಂಸ್ಥಾನದಲ್ಲಿ ಶಾಸ್ತ್ರೀಯವಾಗಿ ಅಭ್ಯಸಿಸಿದವರು ಕೆನಡಾದಿಂದ ಬಂದ ವಿಜ್ಞಾನಿ ಲೆಸ್ಲಿ ಕೋಲ್ಮನ್. 1910ರಲ್ಲಿ ಅವರು ಈ ರೋಗದ ವಿಚಾರವಾಗಿ ಗ್ರಂಥವನ್ನು ಪ್ರಕಟಿಸಿದರು. ಅದುವರೆಗೆ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುವುದೇ ದಾರಿಯಾಗಿತ್ತು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1885ರ ಸುಮಾರಿಗೆ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣ ಕೋಲ್ಮನ್ನರ ಮೂಲಕ ನಮ್ಮ ಅಡಿಕೆ ತೋಟವನ್ನು ಹೊಕ್ಕಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷಗಳಾದರೂ ಕೊಳೆರೋಗಕ್ಕೆ ನಮ್ಮ ತೋಟಗಾರರು ಮೊದಲು ನೆನೆಯುವ ಮದ್ದು ಇದೇ.

ಈ ಮದ್ದು ಅಡಿಕೆಯನ್ನು ಉಳಿಸಿತು. ಹೊಡೆಯುವವನ ಮೇಲೆ ಅದರ ಪರಿಣಾಮವೇನು? ಸುಣ್ಣ ಕಡಿಮೆಯಾಗಿ ಹುಳಿ ಉಳಿದ ದ್ರಾವಣ ಕಣ್ಣನ್ನೂ ಚರ್ಮವನ್ನೂ ಸುಡುತ್ತದೆ. ಉಜ್ಜಿ ಬೆಳಗಿದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ತಿಳಿಯಬೇಕು. ಈ ಪರೀಕ್ಷೆ ಎಳೆಗಾಯಿಯ ಹಿತಕ್ಕೆಂದು ಹೇಳಿಕೊಡುತ್ತಾರೆ. ಅದು ಮರದ ಮೇಲಿರುವವನ ಕಣ್ಣಿನ ಹಿತಕ್ಕೂ ಹೌದು. 1969ರಲ್ಲಿ ಪೋರ್ಚುಗಲ್ ದೇಶದ ವೈದ್ಯರು, ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಇದೇ ದ್ರಾವಣವನ್ನು ಸಿಂಪಡಿಸಿದ ಕೆಲಸಗಾರರ ಶ್ವಾಸಕೋಶಗಳಲ್ಲಿ ತಾಮ್ರ ಸೇರಿ ಗಂಟುಗಳಾದುದನ್ನು ವರದಿ ಮಾಡಿದರು. ಮೂಗುಬಾಯಿಗಳಿಗೆ ಬಟ್ಟೆ, ಕಣ್ಣಿಗೆ ಕನ್ನಡಕ, ಕೆಲಸ ಮುಗಿದೊಡನೆ ಸೋಪು ಹಚ್ಚಿ ಸ್ನಾನ, ಉಟ್ಟ ಬಟ್ಟೆಯನ್ನು ಬೇರೆಯೇ ಒಗೆಯುವುದು: ಇವು ಸಣ್ಣ ಮಾತುಗಳಾದರೂ ಮರೆಯಬಾರದವು. ಕನ್ನಡಕಕ್ಕೆ ಹತ್ತುವವರ ಆಕ್ಷೇಪಣೆ ಇದೆ. ಬೆವರಿಗೂ ಮಳೆಹನಿಗೂ ಮಬ್ಬಾದರೆ ಮರದ ತುದಿಯಲ್ಲಿ ಅದೇ ಅಪಾಯ ಎನ್ನುತ್ತಾರೆ. ಅದೂ ನಿಜ. ಅಂಚಿನ ದೊಡ್ಡ ಟೊಪ್ಪಿ ಆಗ ತಕ್ಕಮಟ್ಟಿಗೆ ಸಹಾಯ ಮಾಡುತ್ತದೆ.

ಇನ್ನೊಂದು ಮಾತನ್ನು ಅಡಿಕೆ ನಾಡಿನಲ್ಲಿ ಹೇಳಲು ಸಂಕೋಚವಾಗುತ್ತದೆ. ಹತ್ತುವವರಲ್ಲಿ ಬಹಳ ಮಂದಿ ಕವಳ ಹಾಕಿಕೊಂಡೇ ಕೆಲಸಕ್ಕೆ ಇಳಿಯುವವರು. ಬಾಯಲ್ಲಿ ಎಲೆಯಡಿಕೆ ಹೊಗೆಸೊಪ್ಪು ಇಲ್ಲದಿದ್ದರೆ ಕೈಕಾಲಿಗೆ ಚುರುಕು ಬರದು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2003ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ತೋಟಗಾರರ ಸಂಘಗಳು ಇದನ್ನು ಒಪ್ಪಿಲ್ಲ, ಚುನಾವಣೆ ಬಂದಾಗಲೆಲ್ಲ ಈ ವಿವಾದ ಮೇಲೇಳುತ್ತದೆ. ಆದರೆ ಹೊಗೆಸೊಪ್ಪಿನ ವಿಚಾರದಲ್ಲಿ ವಿವಾದವೇ ಇಲ್ಲ. ಬಾಯಲ್ಲಿ ಮಾಯದ ಹುಣ್ಣಾಗಲಿ ಬಿಳಿಯ ಮಚ್ಚೆಯಾಗಲಿ ಕಂಡರೆ, ಬಾಯಿ ಪೂರ್ತಿ ತೆರೆಯಲಾಗದಿದ್ದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಮರದಿಂದ ಬಿದ್ದವನಿಗೆ ನಾವು ಮಾಡುವ ಉಪಚಾರದಲ್ಲಿಯೇ ಎಷ್ಟೋ ಸಲ ದೊಡ್ಡ ತಪ್ಪು ನಡೆಯುತ್ತದೆ. ಗಾಬರಿಯಲ್ಲಿ ಒಬ್ಬರು ತೋಳು ಹಿಡಿಯುತ್ತಾರೆ, ಒಬ್ಬರು ಕಾಲು ಹಿಡಿಯುತ್ತಾರೆ. ಎತ್ತಿ ಕೂರಿಸಿ ನೀರು ಕುಡಿಸುತ್ತಾರೆ, ರಿಕ್ಷಾದ ಹಿಂಬದಿಯಲ್ಲಿ ಮಡಚಿ ಮಲಗಿಸುತ್ತಾರೆ. ಮುರಿದ ಮೂಳೆಯ ಚೂಪು ತುದಿ ಆ ಎಳೆದಾಟದಲ್ಲಿಯೇ ಬೆನ್ನುಹುರಿಯನ್ನು ಕೊಯ್ಯಬಹುದು. ಬಿದ್ದವನನ್ನು ಇದ್ದಲ್ಲಿಯೇ ಮಲಗಿರಗೊಡಬೇಕು. ಉಸಿರಾಡುತ್ತಾನೆಯೇ, ರಕ್ತ ಹರಿಯುತ್ತಿದೆಯೇ ನೋಡಬೇಕು. ಒಬ್ಬರು ತಲೆಯ ಎರಡೂ ಬದಿ ಕೈಯಿಟ್ಟು ಕುತ್ತಿಗೆ ಅಲುಗದಂತೆ ಹಿಡಿದಿರಬೇಕು. ಇನ್ನೊಬ್ಬರು 108ಕ್ಕೆ ಫೋನು ಮಾಡಬೇಕು. ಸಾಗಿಸಲೇಬೇಕಾದರೆ ಮೂರು ನಾಲ್ಕು ಮಂದಿ ಸೇರಿ, ತಲೆ ಬೆನ್ನು ಸೊಂಟಗಳು ಒಂದೇ ನೇರದಲ್ಲಿರುವಂತೆ ಮರದ ದಿಮ್ಮಿಯನ್ನು ಹೊರಳಿಸಿದ ಹಾಗೆ ಹೊರಳಿಸಿ, ಬಾಗಿಲ ಹಲಗೆಯಂಥ ಗಟ್ಟಿಯಾದ ಹಲಗೆಯ ಮೇಲೆ ಮಲಗಿಸಿ ಕಟ್ಟಿ ಒಯ್ಯಬೇಕು. ಬಾಯಿಗೆ ಏನನ್ನೂ ಕೊಡಬಾರದು. ಮೈಪಟ್ಟಿಯಲ್ಲಿ ಜೋತಾಡುತ್ತಿರುವವನನ್ನು ಮಾತ್ರ ಕೂಡಲೇ ಇಳಿಸಬೇಕು. ಅಲುಗಾಡದೆ ನೇತಾಡುವವನ ಕಾಲುಗಳಲ್ಲಿ ರಕ್ತ ನಿಂತು, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದುದರಿಂದ ಹಗ್ಗ ಕಟ್ಟಿಕೊಂಡವನೂ ಒಂಟಿಯಾಗಿ ಹತ್ತಬಾರದು.

ಇಲ್ಲಿಗೆ ಹೊತ್ತಿನ ಪ್ರಶ್ನೆ ಬಂತು. ಎರಡು ಕುಣಿಕೆ ಹಾಕಿ ದಾಟಬೇಕು, ಕೆಳಗೊಬ್ಬ ನಿಲ್ಲಬೇಕು, ಮಳೆ ಜೋರಾದರೆ ಇಳಿಯಬೇಕು ಎಂದೆಲ್ಲ ಹೇಳುವುದು ಸುಲಭ. ಕೂಲಿ ಮರಕ್ಕಿಷ್ಟೆಂದು ಗೊತ್ತುಮಾಡಿದ್ದರೆ ಈ ಎಚ್ಚರಗಳಲ್ಲಿ ಒಂದೊಂದೂ ಹತ್ತುವವನ ಕಿಸೆಯಿಂದಲೇ ಹೋಗುತ್ತದೆ. ದಿನಗೂಲಿಯಾದರೆ ಒಡೆಯನ ಕಿಸೆಯಿಂದ ಹೋಗುತ್ತದೆ. ಹಗ್ಗ ಬೇಡವೆನ್ನುವ ಹತ್ತುವವರ ಅಭಿಪ್ರಾಯದ ಹಿಂದೆ ಬಹುಪಾಲು ಇರುವುದು ಈ ಲೆಕ್ಕವೇ. ಹಗ್ಗ ಕಟ್ಟಿಕೊಂಡು ಹತ್ತಿದ ದಿನದ ಕೂಲಿ ಹಗ್ಗವಿಲ್ಲದ ದಿನದ ಕೂಲಿಗಿಂತ ಕಡಿಮೆಯಾಗದಂತೆ ಮಾಡಿ ನೋಡಿದರೆ ಆ ಅಭಿಪ್ರಾಯ ಎಷ್ಟು ಗಟ್ಟಿಯಾಗಿ ಉಳಿಯುತ್ತದೆಂಬುದು ತಿಳಿದೀತು.

ಆದರೆ ಒಡೆಯನೆಂದರೆ ಯಾರು? ಇಲ್ಲಿ ರಾಜಕೀಯದ ಚರಿತ್ರೆ ಸ್ವಲ್ಪ ಬೇಕಾಗುತ್ತದೆ. 1956ರ ನವೆಂಬರ್ ಒಂದರವರೆಗೆ ಕುಂದಾಪುರ ಮದರಾಸಿಗೆ ಸೇರಿತ್ತು. 1948ರಲ್ಲಿ ಮದರಾಸು ಪ್ರಾಂತ್ಯದಲ್ಲೆಲ್ಲ ಪಾನನಿರೋಧ ಬಂದಾಗ ಕಳ್ಳು ಇಳಿಸುವ ಕಸುಬು ಕಾನೂನಿಗೆ ವಿರುದ್ಧವಾಯಿತು. ತಲೆಮಾರುಗಳಿಂದ ತಾಳೆ ತೆಂಗುಗಳನ್ನು ಹತ್ತಿ ಬದುಕಿದ್ದವರ ವಿದ್ಯೆ ಒಂದು ಆಜ್ಞೆಯಿಂದ ಅಪರಾಧದ ಸಾಲಿಗೆ ಸೇರಿತು. 1974ರ ಭೂಸುಧಾರಣೆಯಲ್ಲಿ ಇದೇ ಜಿಲ್ಲೆಯ ಬಹು ಮಂದಿ ಗೇಣಿದಾರರು ತಾವು ಉಳುವ ಭೂಮಿಗೆ ಒಡೆಯರಾದರು. ಹೀಗಾಗಿ ಮರ ಹತ್ತಿಸು‌ವವನೂ ಹತ್ತುವವನೂ ಒಬ್ಬರಿಗಿಂತ ಒಬ್ಬರು ಬಹಳ ದೊಡ್ಡವರಲ್ಲದ ಊರುಗಳು ಇವು. ಸರ್ಕಾರದ ಲೇಖನಿಯ ಒಂದು ಗೀಟು ಬದುಕನ್ನು ಕೆಡಿಸಬಹುದು, ಕಟ್ಟಲೂಬಹುದು ಎಂಬುದನ್ನು ಹತ್ತುವವರ ಮನೆಗಳು ಕಂಡುಂಡಿವೆ. ರಾಜಕೀಯ ನಮಗೇಕೆ ಎಂದು ಇವರು ಹೇಳುವುದಿಲ್ಲ.

ಹತ್ತುವವನು ಇಂದು ಒಂದು ತೋಟ, ನಾಳೆ ಇನ್ನೊಂದು ತೋಟ. ಬಿದ್ದ ದಿನ ಯಾರ ತೋಟದಲ್ಲಿದ್ದನೋ ಆ ಅರ್ಧ ಎಕರೆಯ ಒಡೆಯನ ಮೇಲೆ ಜೀವಮಾನದ ಪರಿಹಾರ ಹೊರಿಸಿದರೆ ಇಬ್ಬರೂ ಮುಳುಗುತ್ತಾರೆ. ಆದುದರಿಂದ ರಕ್ಷಣೆ ತೋಟವನ್ನಲ್ಲ, ಮನುಷ್ಯನನ್ನು ಹಿಂಬಾಲಿಸಬೇಕು. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಹೀಗೆ ಮನುಷ್ಯನನ್ನು ಹಿಂಬಾಲಿಸುವಂಥದು. ಪ್ರೀಮಿಯಮ್ಮಿನ ಹೆಚ್ಚಿನ ಪಾಲನ್ನು ಮಂಡಳಿಯೇ ಕಟ್ಟುತ್ತದೆ. ಆದರೆ ಅದು ತೆಂಗಿನ ಯೋಜನೆ. ಅಡಿಕೆಗೆ ತೆಂಗಿನಂತೆ ಶಾಸನಬದ್ಧವಾದ ಮಂಡಳಿ ಇಲ್ಲ. ಅಡಿಕೆಯ ಧಾರಣೆ ಕುಸಿದರೆ ವಿಧಾನಸೌಧದವರೆಗೆ ಕೂಗು ಮುಟ್ಟುತ್ತದೆ, ಅಡಿಕೆ ಮರದಿಂದ ಬಿದ್ದವನ ಕೂಗು ಪಂಚಾಯಿತಿಯವರೆಗೂ ಮುಟ್ಟುವುದು ಕಷ್ಟ. "ಅಡ್ಕಿಗೆ ರೇಟ್ ಬೇಕ್ ಅಂಬ್ರ್, ನಮ್ ಸೊಂಟಕ್ಕೆ ರೇಟ್ ಇಲ್ಯಾ?" ಎಂಬ ಮಾತಿನಲ್ಲಿ ಹಾಸ್ಯವಿದೆ, ನೋವೂ ಇದೆ.

ದೊಡ್ಡ ಯೋಜನೆ ಬರುವವರೆಗೆ ಕೈಗೆಟುಕುವುದನ್ನು ಬಿಡಬಾರದು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ 18ರಿಂದ 70 ವರ್ಷದವರೆಗಿನ ಯಾರೇ ಆಗಲಿ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಿಂದ ಮರಣವಾದಲ್ಲಿ ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯವಾದಲ್ಲಿ 2 ಲಕ್ಷ ರೂಪಾಯಿ ದೊರೆಯುತ್ತದೆ. ಆಸ್ಪತ್ರೆಯ ಖರ್ಚಾಗಲಿ ಕಳೆದ ದಿನಗಳ ಕೂಲಿಯಾಗಲಿ ಇದರಿಂದ ಬಾರದು. ಆಸ್ಪತ್ರೆಯ ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕಾರ್ಡು ಮಾಡಿಸಿಕೊಂಡಿರಬೇಕು. ಕಳೆದ ದಿನಗಳ ಕೂಲಿಗೆ ದಾರಿ ಇನ್ನೂ ಆಗಬೇಕಾಗಿದೆ. ಊರಿನ ಹಾಲಿನ ಸೊಸೈಟಿ, ಕೃಷಿ ಪತ್ತಿನ ಸಂಘಗಳು ಮನಸ್ಸು ಮಾಡಿದರೆ ತಮ್ಮ ಸದಸ್ಯರ ತೋಟಗಳಲ್ಲಿ ಹತ್ತುವವರಿಗಾಗಿ ಒಂದು ನಿಧಿಯನ್ನು ಕಟ್ಟುವುದು ಅಸಾಧ್ಯವೇನಲ್ಲ. ಕೊಯ್ದ ಪ್ರತಿ ಮರಕ್ಕೆ ಕೆಲವೇ ಪೈಸೆಗಳ ಲೆಕ್ಕ ಅದು.

ಬಂಡೆ ಹತ್ತುವವನ ಹಗ್ಗದ ಇನ್ನೊಂದು ತುದಿ ಜೊತೆಗಾರನ ಕೈಯಲ್ಲಿರುತ್ತದೆಂದು ಮೇಲೆ ಹೇಳಿದೆನಷ್ಟೆ. ನಮ್ಮ ಮರವೇರುವವರ ಹಗ್ಗದ ಆ ತುದಿಯನ್ನು ಹಿಡಿಯಬೇಕಾದವರು ತೋಟದ ಒಡೆಯರು, ಊರಿನವರು, ಸರ್ಕಾರ. ಅದು ಕೈಸೇರದ ಹೊರತು ಬರಿಯ ಬೆಲ್ಟು ಕೊಟ್ಟು ಕಟ್ಟಿಕೋ ಎಂದು ಉಪದೇಶಿಸಿ ಫಲವಿಲ್ಲ.

ಆ ಸುರಕ್ಷಾ ವಿಮೆಯ ವರ್ಷ ಜೂನ್ ಒಂದರಿಂದ ಆರಂಭವಾಗಿ ಮೇ ಮೂವತ್ತೊಂದಕ್ಕೆ ಮುಗಿಯುತ್ತದೆ. ಎಂದರೆ ಮೊದಲ ಮದ್ದು ಹೊಡೆಯುವ ಹೊತ್ತಿಗೇ ಹಳೆಯ ವಿಮೆ ತೀರಿ ಹೊಸದು ಹಿಡಿಯಬೇಕು. ಖಾತೆಯಲ್ಲಿ ಹಣವಿಲ್ಲದಿದ್ದರೆ ಅದು ತಾನಾಗಿ ನಿಂತುಹೋಗುತ್ತದೆ. ಈ ವರ್ಷ ಮೇ ಕೊನೆಯಲ್ಲಿ ನಿಮ್ಮ ತೋಟಕ್ಕೆ ಜನ ಸಿಕ್ಕಿದಾಗ ಮೈಲುತುತ್ತ ಸುಣ್ಣಗಳನ್ನು ಹೊಂದಿಸುವುದರ ಜೊತೆಗೆ ಒಂದು ಮಾತು ಕೇಳಿ: ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇದೆಯೇ? ಇಲ್ಲವಾದರೆ ಆ ದಿನದ ಕೂಲಿಯ ಮೇಲೆ ಇಪ್ಪತ್ತು ರೂಪಾಯಿ ಸೇರಿಸಿ, ಮೊದಲು ಬ್ಯಾಂಕಿಗೆ ಹೋಗಿ ಬರಲು ಹೇಳಿ. ಮದ್ದು ಮರುದಿನ ಹೊಡೆದರೂ ಆದೀತು.